ಹದಿನಾಲ್ಕನೆಯ ಕುರ್ಚಿ

ಡಾಲಿ ಕ್ವಿನ್ ಎಡಸಾಲಿನ ಹದಿನೇಳನೆಯ ಬೆಂಚಿನವರೆಗೆ ಎಣಿಸಿ, ಲೆಕ್ಕ ತಪ್ಪಿ, ಮತ್ತೆ ಬಾಗಿಲ ಹತ್ತಿರ ಹೋಗಿ ಒಂದರಿಂದ ಶುರುಮಾಡಿದಳು. ಅರವತ್ತೇಳು ವರ್ಷದ ಮಂಡಿ, ಕಲ್ಲಿನ ನೆಲ. ನಲವತ್ತು ವರ್ಷ ತೆರೆ ಏಳಿಸುವ, ಇಳಿಸುವ ಕೆಲಸ ಮಾಡಿದವಳಿಗೆ ಯಾವ ಕಟ್ಟಡಕ್ಕೆ ಕಾಲಿಟ್ಟರೂ ಮೊದಲು ಆಸನ ಎಣಿಸುವ ಚಟ. ಎಡಕ್ಕೆ ಇಪ್ಪತ್ತಾರು ಬೆಂಚು, ಬಲಕ್ಕೆ ಇಪ್ಪತ್ತಾರು, ಬೆಂಚಿಗೆ ಆರು ಜನ. ಮುನ್ನೂರ ಹನ್ನೆರಡು. ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಈ ಚರ್ಚು ತುಂಬಬೇಕಾದರೆ ಸತ್ತವನೇ ಎದ್ದು ಬಂದು ಟಿಕೆಟು ಮಾರಬೇಕು ಎಂದುಕೊಂಡಳು.

ಸತ್ತವನು ಮುಂದುಗಡೆ ಮೇಣದ ಬತ್ತಿಗಳ ನಡುವೆ, ಮುಚ್ಚಿದ ಪೆಟ್ಟಿಗೆಯಲ್ಲಿದ್ದ. ಲೋವೆಲ್ ಪ್ರೆಂಟಿಸ್, ಹದಿನೈದು ವರ್ಷ ಅಮೆರಿಕದ ರಾಜತಾಂತ್ರಿಕ, ಆಮೇಲೆ ಇಪ್ಪತ್ತೆಂಟು ವರ್ಷ ನಾಟಕಗಳ ನಿರ್ಮಾಪಕ. ಆ ಇಪ್ಪತ್ತೆಂಟು ವರ್ಷವೂ ಅವನ ತೆರೆ ಡಾಲಿಯ ಕೈಯಲ್ಲೇ ಇತ್ತು. ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇಯಲ್ಲಿ ನಾವು ಅವನನ್ನು ‘ರಾಯಭಾರಿ’ ಎಂದೇ ಕರೆಯುತ್ತಿದ್ದೆವು. ಆ ಹುದ್ದೆಗೆ ಅವನು ಎಂದೂ ಏರಿರಲಿಲ್ಲ. ಅವನ ಕೋಟಿನ ಇಸ್ತ್ರಿಯನ್ನು ನೋಡಿ ನಾವೇ ಕೊಟ್ಟ ಬಡ್ತಿ ಅದು.

ಮಗಳು ಹ್ಯಾರಿಯೆಟ್ ಮುಂದಿನ ಬೆಂಚುಗಳ ಮೇಲೆ ಹೆಸರಿನ ಚೀಟಿಗಳನ್ನು ಇಡುತ್ತಿದ್ದಳು. ಮೊದಲು ನಿವೃತ್ತ ರಾಯಭಾರಿಗಳು, ಆಮೇಲೆ ಕಾನ್ಸಲ್‌ಗಳು, ಅವರೊಳಗೆ ಮತ್ತೆ ಹಿರಿತನದ ಪ್ರಕಾರ. ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆಯಲ್ಲಿ ಅವಳ ಕೆಲಸವೇ ಅದು. ಯಾರ ಪಕ್ಕ ಯಾರು ಕೂರಬೇಕು, ಯಾವ ದೇಶಕ್ಕೆ ಯಾವತ್ತು ಹಬ್ಬ, ಯಾರಿಗೆ ಯಾವ ವಾರ ಉಪವಾಸ, ಎಲ್ಲವೂ ಬೆರಳ ತುದಿಯಲ್ಲಿ. ಶನಿವಾರ ಅಪ್ಪ ತೀರಿಕೊಂಡ ಸುದ್ದಿ ಬಂದಾಗಲೂ ಮೊದಲು ಅವಳು ನೋಡಿದ್ದು ಆ ಹಬ್ಬಗಳ ಪಟ್ಟಿಯನ್ನೇ. ಯಾವ ದೇಶದವರಿಗೂ ಅಡ್ಡಿಯಿಲ್ಲದ ದಿನ ಬುಧವಾರ ಎಂದು ಗೊತ್ತುಮಾಡಿ, ಪತ್ರಿಕೆಗೆ ಕೊಟ್ಟು, ಅದು ಅಚ್ಚಾದ ಮೇಲೆಯೇ ಡಾಲಿಗೆ ವಿಷಯ ತಿಳಿದದ್ದು.

“ಬುಧವಾರ ಅಂತ ಯಾರಮ್ಮ ಹೇಳಿದ್ದು ನಿಂಗೆ?” ಎಂದು ಡಾಲಿ ಕೇಳಿದಳು.

“ಯಾರೂ ಹೇಳಲಿಲ್ಲ. ನಾನೇ ನೋಡಿ ಇಟ್ಟೆ. ಯಾಕೆ?”

“ಬುಧವಾರ ಎರಡು ಗಂಟೆಗೆ ಮಧ್ಯಾಹ್ನದ ಆಟ ಇರುತ್ತೆ. ಒಂದು ನಾಟಕಕ್ಕಲ್ಲ, ಊರಲ್ಲಿರೋ ಎಲ್ಲಾ ನಾಟಕಕ್ಕೂ. ಒಂದೂವರೆಗೆ ಮುಂಚೆ ಎಲ್ಲರೂ ಬಣ್ಣದ ಕೋಣೇಲಿ ಇರ್ಬೇಕು. ಸೋಮವಾರ ಇಟ್ಟಿದ್ರೆ ಬೀದಿ ತುಂಬಾ ಜನ ನಿಂತಿರ್ತಿದ್ರು. ಸೋಮವಾರ ನಮಗೆ ರಜ ಅಲ್ವಾ.”

ಹ್ಯಾರಿಯೆಟ್ ಕೈಯಲ್ಲಿದ್ದ ಚೀಟಿಗಳನ್ನು ಜೋಡಿಸುತ್ತಲೇ ಇದ್ದಳು. ಜಗತ್ತಿನ ಹಬ್ಬಗಳನ್ನೆಲ್ಲ ಬಲ್ಲವಳಿಗೆ ಅಪ್ಪನ ಬೀದಿಯ ಒಂದು ವಾರದ ಕ್ರಮ ಗೊತ್ತಿರಲಿಲ್ಲ. ಒಂದು ಫೋನು ಮಾಡಬಾರದಿತ್ತೇ ಎಂದು ಡಾಲಿ ಕೇಳಿದ್ದಕ್ಕೆ, ನಿಮ್ಮ ನಂಬರು ನನ್ನ ಹತ್ತಿರ ಇರಲಿಲ್ಲ ಎಂದಳು. ಅದು ನಿಜ. ಇಪ್ಪತ್ತೆಂಟು ವರ್ಷದಲ್ಲಿ ಅಪ್ಪನ ಕಡೆಯ ಒಬ್ಬರ ನಂಬರನ್ನೂ ಅವಳು ಬರೆದುಕೊಂಡಿರಲಿಲ್ಲ. ಈಗ ದಿನ ಬದಲಿಸುವಂತೆಯೂ ಇರಲಿಲ್ಲ. ಸಂಜೆಯ ವಿಮಾನಕ್ಕೆ ಪೆಟ್ಟಿಗೆ ಓಹಾಯೋದ ಟೊಲೀಡೊಗೆ ಹೋಗಬೇಕು. ಅಲ್ಲಿ ಅವನ ತಾಯಿಯ ಸಮಾಧಿಯ ಪಕ್ಕದ ಮಣ್ಣನ್ನು ಆಗಲೇ ಅಗೆದಾಗಿತ್ತು.

ಆ ಹೊತ್ತಿಗೆ ಸಾಲ್ ಮೆಂಡಲ್‌ಬಾಮ್ ಬಂದ. ಪ್ರೆಂಟಿಸ್‌ನ ಹತ್ತೊಂಬತ್ತು ನಾಟಕಗಳಿಗೂ ಪ್ರಚಾರ ಮಾಡಿದವನು. ನಾಟಕ ಮೂರನೆಯ ದಿನ ಮುಚ್ಚಿಹೋದರೆ, ಸೀಮಿತ ಪ್ರದರ್ಶನಗಳು ಯಶಸ್ವಿಯಾಗಿ ಮುಗಿದವು ಎಂದು ಬರೆಯುವ ಕೈ ಅವನದು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಹುಟ್ಟಿದ್ದೇ ಇಂಥವರನ್ನು ನೋಡಿ. ಖಾಲಿ ಬೆಂಚುಗಳ ಕಡೆ ಒಮ್ಮೆ ಕಣ್ಣು ಹಾಯಿಸಿ ಅವನು ಹ್ಯಾರಿಯೆಟ್‌ಳನ್ನು ಕಂಬದ ಮರೆಗೆ ಕರೆದ.

“ಮಗೂ, ಹತ್ತನೇ ಅವೆನ್ಯೂನಲ್ಲಿ ಒಂದು ನಟನೆಯ ಶಾಲೆ ಇದೆ. ಅರವತ್ತು ಹುಡುಗ ಹುಡುಗೀರು. ಒಂದು ಫೋನ್ ಹೊಡೆದ್ರೆ ಅರ್ಧ ಗಂಟೇಲಿ ಬಂದು ಕೂರ್ತಾರೆ. ಎಲ್ಲರ ಹತ್ರಾನೂ ಕರೀ ಬಟ್ಟೆ ಇದೆ, ಅಳೋದನ್ನೂ ಕಲ್ತಿದಾರೆ.”

ನಮ್ಮ ಬೀದಿಯಲ್ಲಿ ಇದಕ್ಕೆ ‘ಕಾಗದ ಹಚ್ಚುವುದು’ ಎನ್ನುತ್ತೇವೆ. ಟಿಕೆಟು ಹೋಗದ ದಿನ ದಾದಿಯರಿಗೆ, ವಿದ್ಯಾರ್ಥಿಗಳಿಗೆ, ಪೊಲೀಸರ ಹೆಂಡಂದಿರಿಗೆ ಬಿಟ್ಟಿ ಚೀಟಿ ಹಂಚಿ ಕುರ್ಚಿ ತುಂಬಿಸುವುದು. ಬಿರುಕು ಬಿಟ್ಟ ಗೋಡೆಗೆ ಬಣ್ಣದ ಕಾಗದ ಅಂಟಿಸಿದ ಹಾಗೆ. ಹಚ್ಚದ ನಿರ್ಮಾಪಕನಿಲ್ಲ, ಹಚ್ಚಿದೆ ಎಂದು ಒಪ್ಪಿಕೊಂಡವನೂ ಇಲ್ಲ.

ಹ್ಯಾರಿಯೆಟ್ ಬೇಡವೆನ್ನಬಹುದಿತ್ತು. ಆದರೆ ಪ್ರೆಸ್ಕಾಟ್ ವೆದರಿಲ್ ಬರುವವರಿದ್ದರು. ಅಪ್ಪ ಸೇರಿದ ವರ್ಷವೇ ಇಲಾಖೆಗೆ ಸೇರಿ, ಮೂರು ದೇಶಗಳಲ್ಲಿ ರಾಯಭಾರಿಯಾಗಿದ್ದು ನಿವೃತ್ತರಾದವರು. ಹ್ಯಾರಿಯೆಟ್‌ಗೆ ಕೆಲಸ ಕಲಿಸಿದವರೂ ಅವರೇ. ‘ನಿಮ್ಮಪ್ಪ ಉಳಿದಿದ್ದರೆ ಎಲ್ಲಿರುತ್ತಿದ್ದ’ ಎಂಬ ಮಾತನ್ನು ಹದಿನಾರು ವರ್ಷದಿಂದ ಅವಳು ಅವರ ಬಾಯಲ್ಲಿ ಕೇಳಿದ್ದಳು. ಅವರು ತಿರುಗಿ ನೋಡಿದಾಗ ಹಿಂದೆ ಇನ್ನೂರೈವತ್ತು ಖಾಲಿ ಜಾಗಗಳು ಕಾಣಬಾರದು. ಇವತ್ತೊಂದು ದಿನ ಅಪ್ಪ ಸೋತವನಂತೆ ಕಾಣಬಾರದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

“ಕರೆಸಿ,” ಎಂದಳು.

*

ಅಪ್ಪ ರಾಜೀನಾಮೆ ಕೊಟ್ಟಾಗ ಹ್ಯಾರಿಯೆಟ್‌ಗೆ ಹನ್ನೊಂದು ವರ್ಷ. ಆಗ ಅವರು ಟರ್ಕಿಯ ಅಂಕಾರಾದಲ್ಲಿದ್ದರು. ಅಪ್ಪ ಒಂದೇ ಒಂದು ಪೆಟ್ಟಿಗೆ ಹಿಡಿದು ನ್ಯೂಯಾರ್ಕಿಗೆ ಹೊರಟ. ಅಮ್ಮ ಮಗಳನ್ನು ಕರೆದುಕೊಂಡು ವಾಷಿಂಗ್ಟನ್ನಿನ ತವರಿಗೆ ಹೋದಳು, ಮತ್ತೆ ಬರಲಿಲ್ಲ. ಯಾರಾದರೂ ಗಂಡನ ಬಗ್ಗೆ ಕೇಳಿದರೆ, “ಅವರು ಟಿಕೆಟ್ ಮಾರೋಕೆ ಹೋಗಿದಾರೆ,” ಎನ್ನುತ್ತಿದ್ದಳು. ಅಮ್ಮನ ಬಾಯಲ್ಲಿ ಆ ಮಾತು ಎಷ್ಟು ನಯವಾಗಿ ಬರುತ್ತಿತ್ತೆಂದರೆ ಕೇಳಿದವರು ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ.

ಶಾಲೆಯ ಅರ್ಜಿಯಲ್ಲಿ ತಂದೆಯ ವೃತ್ತಿ ಎಂಬ ಕಡೆ ಹ್ಯಾರಿಯೆಟ್ ‘ಹಿಂದೆ ವಿದೇಶಾಂಗ ಸೇವೆ’ ಎಂದು ಬರೆಯುತ್ತಿದ್ದಳು. ಕಾಲೇಜಿನಲ್ಲೂ ಹಾಗೆಯೇ ಬರೆದಳು, ಕೆಲಸಕ್ಕೆ ಸೇರುವಾಗಲೂ. ವರ್ಷಕ್ಕೆರಡು ಸಲ ಅಪ್ಪ ಬಂದು ಊಟಕ್ಕೆ ಕರೆದೊಯ್ಯುತ್ತಿದ್ದ. ಹೊಸ ನಾಟಕದ ಬಗ್ಗೆ ಹೇಳುತ್ತಿದ್ದ, ಮೊದಲ ದಿನಕ್ಕೆ ಬಾ ಎನ್ನುತ್ತಿದ್ದ. ಹತ್ತೊಂಬತ್ತು ಮೊದಲ ದಿನಗಳಲ್ಲಿ ಅವಳು ಹೋದದ್ದು ಎರಡಕ್ಕೆ. ಅವನು ಒಮ್ಮೆಯೂ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ವಾಸಿಯಾಗಿತ್ತು ಎಂದು ಅವಳಿಗೆ ಈ ನಾಲ್ಕು ದಿನಗಳಲ್ಲಿ ಅನ್ನಿಸಿತ್ತು.

*

ಹನ್ನೆರಡೂಕಾಲಿಗೆ ಎದುರಿನ ಕಾಲುದಾರಿಯಲ್ಲಿ ಕಪ್ಪು ಬಟ್ಟೆಯವರು ಸೇರತೊಡಗಿದರು. ಬಾಗಿಲಲ್ಲಿ ನಿಂತಿದ್ದ ಡಾಲಿಗೆ ಅರ್ಥವಾಗಲು ಕ್ಷಣವೂ ಹಿಡಿಯಲಿಲ್ಲ. ನೇರವಾಗಿ ಹ್ಯಾರಿಯೆಟ್‌ಳ ಹತ್ತಿರ ಬಂದಳು.

“ಸಾಲ್ ಕೆಲಸ ತಾನೆ ಅದು?”

“ನಾನು ಒಪ್ಪಿದೆ,” ಎಂದಳು ಹ್ಯಾರಿಯೆಟ್. “ಯಾರಿಗೂ ಗೊತ್ತಾಗಲ್ಲ.”

“ಅವರಿಗೆ ಗೊತ್ತಾಗುತ್ತಲ್ಲ. ಕುರ್ಚಿ ತುಂಬೋಕೆ ಕರೆದಿದ್ದು ಅಂತ ಕೂತವರಿಗೆ ಗೊತ್ತಿರುತ್ತೆ. ಇದು ನನ್ನ ಮಾತಲ್ಲ ಕಣಮ್ಮ, ನಿಮ್ಮಪ್ಪಂದು. ಆತ ಒಂದು ದಿನವೂ ಕಾಗದ ಹಚ್ಚಲಿಲ್ಲ. ಒಂದು ದಿನವೂ. ಈ ಊರಲ್ಲಿ ಆ ಮಾತನ್ನ ಇನ್ನೊಬ್ಬರ ಬಗ್ಗೆ ಹೇಳೋಕಾಗಲ್ಲ.”

ಯಾಕೆ ಹಚ್ಚಲಿಲ್ಲ ಎಂದು ಹ್ಯಾರಿಯೆಟ್ ಕೇಳಿದಳು. ಡಾಲಿಗೆ ಆಶ್ಚರ್ಯವಾಯಿತು. ಆ ಕತೆಯನ್ನು ಅವನು ಡಾಲಿಗೆ ಹೇಳಿದ್ದ, ದೀಪದವರಿಗೆ ಹೇಳಿದ್ದ, ಬಾಗಿಲು ಕಾಯುವವನಿಗೂ ಹೇಳಿದ್ದ. ಮಗಳಿಗೆ ಹೇಳಿರಲಿಲ್ಲ. ಈಗ ಡಾಲಿಯೇ ಹೇಳಿದಳು.

*

ಲಿಸ್ಬನ್, ಸಾವಿರದ ಒಂಬೈನೂರ ನಲವತ್ತೇಳು. ಲೋವೆಲ್‌ಗೆ ಇಪ್ಪತ್ತಾರು ವರ್ಷ, ಅಲ್ಲಿನ ರಾಯಭಾರ ಕಚೇರಿಯಲ್ಲಿ ಎಲ್ಲರಿಗಿಂತ ಕಿರಿಯ. ಮದುವೆಯಾಗಿರಲಿಲ್ಲ, ಔತಣದ ಕೋಟು ಒಂದಿತ್ತು. ದೊಡ್ಡವರ ಮನೆಯ ಊಟಕ್ಕೆ ಹದಿನಾಲ್ಕು ಜನರನ್ನು ಕರೆದು, ಕೊನೆಯ ಗಳಿಗೆಯಲ್ಲಿ ಒಬ್ಬರು ತಪ್ಪಿಸಿಕೊಂಡರೆ ಹದಿಮೂರಾಗುತ್ತದೆ. ಹದಿಮೂರು ಜನ ಮೇಜಿಗೆ ಕೂರುವುದು ಅಪಶಕುನ. ಆಗ ಸಂಜೆ ಆರಕ್ಕೆ ಲೋವೆಲ್‌ಗೆ ಫೋನು. ಬಾ, ಬಂದು ಕೂರು. ಎಲ್ಲರ ತಟ್ಟೆಯ ಮುಂದೆ ಹೆಸರಿನ ಚೀಟಿ, ಇವನ ಮುಂದೆ ಏನೂ ಇಲ್ಲ. ಒಂದೇ ಚಳಿಗಾಲದಲ್ಲಿ ಒಂಬತ್ತು ಸಲ ಅವನು ಹದಿನಾಲ್ಕನೆಯವನಾದ. ಪಕ್ಕದಲ್ಲಿ ಕೂತವರು ಹೆಸರು ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿರಲಿಲ್ಲ.

ಹತ್ತನೆಯ ಸಲ, ಬರುವುದಿಲ್ಲವೆಂದಿದ್ದ ನೌಕಾದಳದ ಅಧಿಕಾರಿಯೊಬ್ಬ ಸೂಪಿನ ಹೊತ್ತಿಗೆ ಬಂದುಬಿಟ್ಟ. ಮೇಜಿನ ಸುತ್ತ ಇದ್ದದ್ದು ಹದಿನಾಲ್ಕೇ ಕುರ್ಚಿ. ಮನೆಯೊಡತಿ ಲೋವೆಲ್‌ನ ಕಡೆ ನೋಡಿ ಮುಗುಳ್ನಕ್ಕಳು. ಅವನು ಚಮಚ ಕೆಳಗಿಟ್ಟು ಎದ್ದ. ಉಣ್ಣುತ್ತಿರುವವನನ್ನು ಎಬ್ಬಿಸುವುದು ಯಾವ ದೇಶದಲ್ಲೂ ಒಳ್ಳೆಯದಲ್ಲ. ಆದರೆ ಅವನು ಹೆಸರಿಲ್ಲದ ಕುರ್ಚಿಯಲ್ಲಿ ಕೂತವನು, ಎಬ್ಬಿಸಿದರು ಎಂದು ಹೇಳಿಕೊಳ್ಳುವ ಹಕ್ಕೂ ಅವನಿಗಿರಲಿಲ್ಲ.

ಅಡುಗೆಮನೆಯಲ್ಲಿ ಅಡುಗೆಯವಳು ಅವನನ್ನು ಕೂರಿಸಿ, ತನಗೆಂದು ಎತ್ತಿಟ್ಟುಕೊಂಡಿದ್ದ ಉಪ್ಪುಮೀನು, ಆಲೂಗಡ್ಡೆ ಬಡಿಸಿದಳು. ಗ್ರಾಸಿಂಡಾ ಎಂದು ಅವಳ ಹೆಸರು. ಮುಂದಿನ ಭಾನುವಾರ ತನ್ನ ತಮ್ಮ ವೇಷ ಹಾಕುವ ನಾಟಕಕ್ಕೆ ಬಾ ಎಂದಳು. ಟಿಕೆಟು ಕೊಂಡೇ ಬರಬೇಕು ಎಂದೂ ಹೇಳಿದಳು, ಅದರ ಮೇಲೆ ಕುರ್ಚಿಯ ನಂಬರು ಇರುತ್ತದೆ, ಆಮೇಲೆ ರಾಜನೇ ಬಂದರೂ ನಿನ್ನನ್ನು ಎಬ್ಬಿಸುವಂತಿಲ್ಲ ಎಂದಳು. ಅವನು ಹೋದ. ಮೇಲಂತಸ್ತಿನ ಕೊನೆಯ ಸಾಲು, ಕಾಲು ಚಾಚಲೂ ಜಾಗವಿಲ್ಲ. ಮೂರು ಗಂಟೆ ಕೂತ. ಭಾಷೆ ಅರ್ಧ ತಿಳಿಯಿತು. ಯಾರೂ ಎಬ್ಬಿಸಲಿಲ್ಲ.

ಅಲ್ಲಿಂದ ರಾಜೀನಾಮೆಗೆ ಹದಿನಾಲ್ಕು ವರ್ಷ ಹಿಡಿಯಿತು. ಸಂಸಾರಸ್ಥನಿಗೆ ಧೈರ್ಯ ಬರುವುದು ತಡ.

*

ನ್ಯೂಯಾರ್ಕಿನಲ್ಲಿ ಅವನ ಮೊದಲ ನಾಟಕದ ಮೂರನೆಯ ದಿನ ಬಂದವರು ಇಪ್ಪತ್ಮೂರು ಜನ. ಸಾಲ್ ಬಿಟ್ಟಿ ಚೀಟಿಗಳ ಕಟ್ಟು ಹಿಡಿದು ನರ್ಸುಗಳ ಹಾಸ್ಟೆಲಿಗೆ ಹೊರಟಿದ್ದ. ಲೋವೆಲ್ ಅದನ್ನು ಇಸಿದುಕೊಂಡು ಜೇಬಿಗೆ ಹಾಕಿದ. ನಟರು ಗೋಳಾಡಿದರು, ಖಾಲಿ ಕುರ್ಚಿಗಳ ಮುಂದೆ ಮಾನ ಹೋಗುತ್ತದೆ ಎಂದರು. ಅವನು ಬಣ್ಣದ ಕೋಣೆಗೆ ಹೋಗಿ ಹೇಳಿದ ಮಾತನ್ನು ಡಾಲಿ ಇಂದಿಗೂ ಹಾಗೆಯೇ ಹೇಳಬಲ್ಲಳು: “ಹೊರಗೆ ಇಪ್ಪತ್ಮೂರು ಜನ ತಾವಾಗಿ ಬಂದಿದಾರೆ. ಅವರ ಪಕ್ಕ ನಾನು ಯಾರನ್ನೂ ಬಾಡಿಗೆಗೆ ಕೂರಿಸಲ್ಲ.” ಆಮೇಲೆ ಬಾಗಿಲಲ್ಲಿ ನಿಂತು, ಆ ಇಪ್ಪತ್ಮೂರು ಜನರ ಕೈಕುಲುಕಿ, ಹೆಸರು ಕೇಳಿ, ಉತ್ತರಕ್ಕೆ ಕಾದ.

ಆ ನಾಟಕ ಎರಡು ವಾರಕ್ಕೆ ಮುಚ್ಚಿತು. ಎಂಟನೆಯದು ನಾಲ್ಕು ವರ್ಷ ಓಡಿತು. ಎರಡಕ್ಕೂ ಅವನು ನಿಂತದ್ದು ಅದೇ ಬಾಗಿಲಲ್ಲಿ, ತೊಟ್ಟದ್ದು ಅದೇ ಇಸ್ತ್ರಿಯ ಕೋಟು. ಎಂಟು ಗಂಟೆಯೆಂದರೆ ಎಂಟಕ್ಕೇ ತೆರೆ ಏಳಬೇಕು. ಒಮ್ಮೆ ಊರಿನ ದೊಡ್ಡ ಮನುಷ್ಯನೊಬ್ಬ ತಡವಾಗಿ ಬರುತ್ತೇನೆ, ಕಾಯಿರಿ ಎಂದು ಹೇಳಿಕಳಿಸಿದಾಗ, ಬಂದವರನ್ನು ಬಾರದವನಿಗಾಗಿ ಕಾಯಿಸುವುದಿಲ್ಲ ಎಂದಿದ್ದ.

*

ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ಒಳಗೆ ನಲವತ್ತೊಂದು ಜನರಿದ್ದರು. ನಿವೃತ್ತರಾದ ವೇಷಭೂಷಣದವರು, ಮೂವತ್ತು ವರ್ಷ ಟಿಕೆಟಿನ ಕಿಂಡಿಯಲ್ಲಿ ಕೂತ ಹೆಂಗಸು, ಊರುಗೋಲು ಹಿಡಿದ ಬಾಗಿಲುಗಾರ, ಈಗ ಯಾವ ನಾಟಕದಲ್ಲೂ ಪಾತ್ರವಿಲ್ಲದ ಕೆಲವು ನಟರು. ಕಾನ್ಸಲ್‌ಗಳ ಚೀಟಿಗಳ ಮುಂದೆ ಇಬ್ಬರು ಮಾತ್ರ ಕೂತಿದ್ದರು. ಪ್ರೆಸ್ಕಾಟ್ ವೆದರಿಲ್ ಮೊದಲ ಬೆಂಚಿನ ತುದಿಯಲ್ಲಿ ತಮ್ಮ ಚೀಟಿಯನ್ನು ಓದಿ ನೋಡಿ ಕೂತರು, ಪಕ್ಕದ ಖಾಲಿ ಜಾಗದಲ್ಲಿ ಓವರ್‌ಕೋಟನ್ನು ಮಡಚಿಟ್ಟರು. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಹ್ಯಾರಿಯೆಟ್ ಹೆದರಿದ್ದು ಆ ತಿರುಗುವಿಕೆಗೇ.

“ಲೋವೆಲ್ ನಮ್ಮಲ್ಲೇ ಇದ್ದಿದ್ರೆ, ಇವತ್ತು ಒಂದು ದೊಡ್ಡ ಜಾಗದಲ್ಲಿ, ಒಂದು ಗೌರವದಲ್ಲಿ...” ಎಂದು ಅರ್ಧಕ್ಕೆ ನಿಲ್ಲಿಸಿ ಅವಳ ಕೈ ತಟ್ಟಿದರು. ಅವರಲ್ಲಿ ಕೆಟ್ಟತನವಿರಲಿಲ್ಲ. ಕರುಣೆಯಿಂದಲೇ ಹೇಳಿದರು, ಅದಕ್ಕೇ ಅದು ನಾಟಿತು.

ಅವಳು ಎದ್ದು ಬಾಗಿಲ ಕಡೆ ನಡೆದಳು. ಅಲ್ಲಿ ಸಾಲ್ ಕೈಯುಜ್ಜುತ್ತ ನಿಂತಿದ್ದ. ಕರೀಲಾ ಎಂದು ಕಣ್ಣಲ್ಲೇ ಕೇಳಿದ. ಹ್ಯಾರಿಯೆಟ್ ನಿಲ್ಲದೆ ಬೀದಿ ದಾಟಿದಳು. ಡಾಲಿ ಮುಖ ತಿರುಗಿಸಿಕೊಂಡಳು.

ಮಾರ್ಚಿನ ಗಾಳಿ ಮೂಳೆಗೆ ಇಳಿಯುತ್ತಿತ್ತು. ಹುಡುಗರು ತಳ್ಳುಗಾಡಿಯ ಬಳಿ ಬಿಸಿ ಪ್ರೆಟ್ಜೆಲ್ ರೊಟ್ಟಿ ಹಂಚಿಕೊಂಡು ತಿನ್ನುತ್ತಿದ್ದರು. ಇವಳು ಬಂದದ್ದನ್ನು ಕಂಡು ಬಾಯಿ ಒರೆಸಿಕೊಂಡು, ಎಲ್ಲರೂ ಒಟ್ಟಿಗೆ ದುಃಖದ ಮುಖ ಮಾಡಿದರು. ಕಲಿತ ವಿದ್ಯೆ.

“ನಿಮ್ಮನ್ನ ಕರೆಸಿದ್ದು ಬೆಂಚು ತುಂಬಿಸೋಕೆ,” ಎಂದಳು ಹ್ಯಾರಿಯೆಟ್. “ಅದು ನನ್ನ ತಪ್ಪು. ಕ್ಷಮಿಸಿ. ನೀವು ಹೊರಡಬಹುದು.”

ಯಾರೂ ಕದಲಲಿಲ್ಲ. ಐವಿ ರೊಬ್ಲೆಸ್ ಎಂಬ ಹುಡುಗಿ, ಹೆಗಲಲ್ಲಿ ದಪ್ಪ ಚೀಲ, ಬೆರಳು ಹರಿದ ಕೈಗವಸು, ಸತ್ತವರು ಯಾರು ಎಂದು ಕೇಳಿದಳು. ಅವರಿಗೆ ಅದನ್ನೂ ಯಾರೂ ಹೇಳಿರಲಿಲ್ಲ.

“ನಮ್ಮಪ್ಪ,” ಎಂದಳು ಹ್ಯಾರಿಯೆಟ್. “ನಾಟಕ ಆಡಿಸ್ತಿದ್ರು.”

ಅಷ್ಟು ಹೇಳಿ ಹಿಂದಿರುಗಬೇಕೆಂದಿದ್ದವಳಿಗೆ ಮಾತು ನಿಲ್ಲಲಿಲ್ಲ. ಲಿಸ್ಬನ್ನಿನ ಊಟ ಹೇಳಿದಳು, ಅಡುಗೆಮನೆಯ ಉಪ್ಪುಮೀನು ಹೇಳಿದಳು, ಇಪ್ಪತ್ಮೂರು ಜನರ ಕೈಕುಲುಕಿದ್ದು ಹೇಳಿದಳು. ಅರ್ಧ ಗಂಟೆಯ ಹಿಂದೆ ಕೇಳಿದ ಕತೆಯನ್ನು ಹುಟ್ಟಿದಾಗಿನಿಂದ ಬಲ್ಲವಳಂತೆ ಹೇಳಿದಳು. ಹೇಳುತ್ತ ಹೇಳುತ್ತ ಬೆನ್ನು ನೆಟ್ಟಗಾಯಿತು. ಒಳಗೆ ಓದಲೆಂದು ವಾಷಿಂಗ್ಟನ್ನಿನಲ್ಲಿ ಬರೆದುಕೊಂಡು ಬಂದಿದ್ದ ಎರಡು ಪುಟಗಳಲ್ಲಿ ಇದರ ಒಂದು ಸಾಲೂ ಇರಲಿಲ್ಲ. ತನ್ನಪ್ಪ ಎಂಥವನು ಎಂಬ ಹೆಮ್ಮೆ ಅವಳಿಗೆ ಮೊದಲು ಬಂದದ್ದು ಅಲ್ಲಿ, ಗುರುತಿಲ್ಲದ ಅರವತ್ತು ಜನರ ಎದುರು, ಪ್ರೆಟ್ಜೆಲ್ ಗಾಡಿಯ ಹೊಗೆಯಲ್ಲಿ.

ಇತ್ತ ಒಂದು ಗಂಟೆಯಾಗಿತ್ತು. ಪಾದ್ರಿ ಡಾಲಿಯ ಕಡೆ ನೋಡಿದರು. ಅವಳು ಬೆರಳೆತ್ತಿ ತಡೆದಳು. ಒಂದು ದಾಟಿ ಎರಡು ನಿಮಿಷ, ನಾಲ್ಕು ನಿಮಿಷ, ಏಳು ನಿಮಿಷ. ಇಪ್ಪತ್ತೆಂಟು ವರ್ಷದಲ್ಲಿ ಪ್ರೆಂಟಿಸ್‌ನ ತೆರೆಯನ್ನು ಅವಳು ತಡೆಹಿಡಿದದ್ದು ಅದೊಂದೇ ಸಲ. ಸಾಲ್ ಏನೋ ಹೇಳಬಂದ. “ನೀನು ಬಾಯಿ ಮುಚ್ಕೊಂಡು ನಿಂತ್ಕೋ,” ಎಂದಳು.

ಹೊರಗೆ ಹ್ಯಾರಿಯೆಟ್ ಮಾತು ಮುಗಿಸಿ, ಒಳಗೆ ಜಾಗ ಬೇಕಾದಷ್ಟಿದೆ, ಬರಬೇಕು ಅನ್ನಿಸಿದವರು ಬನ್ನಿ, ಹೋಗಬೇಕಾದವರು ಹೋಗಿ, ಎರಡರಲ್ಲೂ ತಪ್ಪಿಲ್ಲ ಎಂದಳು. ಬಹಳ ಜನ ಹೋದರು. ಅವರಿಗೆ ತರಗತಿಯಿತ್ತು, ಹೋಟೆಲಿನಲ್ಲಿ ತಟ್ಟೆ ಎತ್ತುವ ಪಾಳಿಯಿತ್ತು. ಹದಿನೇಳು ಜನ ಅವಳ ಹಿಂದೆ ಬೀದಿ ದಾಟಿದರು. ಬಾಗಿಲಲ್ಲಿ ನಿಂತು ಹ್ಯಾರಿಯೆಟ್ ಒಬ್ಬೊಬ್ಬರ ಕೈಕುಲುಕಿ ಹೆಸರು ಕೇಳಿದಳು.

ಮುನ್ನೂರ ಹನ್ನೆರಡು ಜಾಗದಲ್ಲಿ ಐವತ್ತೆಂಟು. ಚರ್ಚು ಖಾಲಿಯೇ ಕಾಣುತ್ತಿತ್ತು. ಹ್ಯಾರಿಯೆಟ್ ಮೊದಲ ಬೆಂಚುಗಳ ಬಳಿ ಹೋಗಿ, ಬಾರದವರ ಹೆಸರಿನ ಚೀಟಿಗಳನ್ನು ಒಂದೊಂದಾಗಿ ಎತ್ತಿ ಜೇಬಿಗೆ ಹಾಕಿಕೊಂಡಳು. ಹಿಂದೆ ಚದುರಿ ಕೂತವರನ್ನೆಲ್ಲ ಮುಂದೆ ಬನ್ನಿ ಎಂದು ಕರೆದಳು. ಆಮೇಲೆ ವೆದರಿಲ್ ಅವರ ಕಡೆ ತಿರುಗಿದಳು.

“ಸ್ವಲ್ಪ ಒಳಗೆ ಸರೀತೀರಾ, ಸಾರ್? ಇವರು ಕೂರಬೇಕು.”

ವೆದರಿಲ್ ತಮ್ಮ ಚೀಟಿಯನ್ನು ನೋಡಿದರು, ಅವಳನ್ನು ನೋಡಿದರು. ಅಂಥ ಮಾತನ್ನು ಅವರಿಗೆ ಯಾರೂ ಹೇಳಿ ಎಷ್ಟೋ ವರ್ಷವಾಗಿತ್ತು. ಅವರು ಓವರ್‌ಕೋಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಒಳಗೆ ಸರಿದರು. ಐವಿ ಚೀಲವನ್ನು ಕಾಲಡಿ ತುರುಕಿ ಪಕ್ಕದಲ್ಲಿ ಕೂತಳು. ಡಾಲಿ ತಲೆಯಾಡಿಸಿದಳು, ಆರ್ಗನ್ ಶುರುವಾಯಿತು.

“ಅವರ ನಾಟಕಗಳಲ್ಲಿ ಯಾವುದು ಚೆನ್ನಾಗಿತ್ತು?” ಎಂದು ಐವಿ ಪಿಸುದನಿಯಲ್ಲಿ ಕೇಳಿದಳು.

ವೆದರಿಲ್ ತೊಡೆಯ ಮೇಲಿನ ಓವರ್‌ಕೋಟಿನ ಮಡಿಕೆಯನ್ನು ಬೆರಳಿನಿಂದ ನೀವಿದರು.

“ನಾನು ಒಂದನ್ನೂ ನೋಡಲಿಲ್ಲ, ತಾಯಿ.”

“ನಾನೂ ನೋಡಿಲ್ಲ,” ಎಂದಳು ಅವಳು.

ಎಲ್ಲರೂ ಹಾಡಲು ಎದ್ದರು. ಅವರಿಬ್ಬರ ನಡುವೆ ಹಾಡಿನ ಪುಸ್ತಕ ಒಂದೇ ಇತ್ತು. ವೆದರಿಲ್ ಕನ್ನಡಕ ಸರಿಮಾಡಿಕೊಂಡು, ಅದನ್ನು ಅವಳಿಗೂ ಕಾಣುವಂತೆ ಕೆಳಗೆ ಹಿಡಿದರು.